ಹತ್ತು ಗಂಟೆಯ ಲೆಕ್ಕವೂ ಇಪ್ಪತ್ತು ತಲೆಯ ಲೆಕ್ಕವೂ

ಮಹಾರಾಷ್ಟ್ರದ ಮಂತ್ರಿಮಂಡಲವು 2025ರ ಸಪ್ಟಂಬರ 3ರಂದು ರಾಜ್ಯದ ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತರಲು ನಿರ್ಧರಿಸಿತು. ಮರುತಿಂಗಳಲ್ಲಿಯೇ ಆ ನಿರ್ಧಾರವು ಸುಗ್ರೀವಾಜ್ಞೆಯ ರೂಪದಲ್ಲಿ ಹೊರಬಿತ್ತು. ದಿನದ ದುಡಿಮೆಯ ಮಿತಿಯು 9 ಗಂಟೆಯಿಂದ 10 ಗಂಟೆಗೆ ಏರಿತೆಂಬ ವಾರ್ತೆಯನ್ನು ಪತ್ರಿಕೆಗಳು ದಪ್ಪಕ್ಷರಗಳಲ್ಲಿ ಪ್ರಕಟಿಸಿದವು. ಆ ಒಂದು ಗಂಟೆಯ ಕುರಿತು ಪರ ವಿರೋಧಗಳ ಚರ್ಚೆಯೂ ಸಾಕಷ್ಟು ನಡೆಯಿತು.

ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಅಂಕೆಯೂ ಬದಲಾಗಿದೆ. ಈ ಕಾಯಿದೆಯು ಪೂರ್ಣವಾಗಿ ಅನ್ವಯಿಸಬೇಕಾದರೆ ಒಂದು ಸಂಸ್ಥೆಯಲ್ಲಿ ಕನಿಷ್ಠ 10 ಮಂದಿ ಕೆಲಸಗಾರರು ಇರಬೇಕೆಂದಿದ್ದುದು ಈಗ 20 ಮಂದಿಗೆ ಏರಿದೆ. ಪುಣೆಯಲ್ಲಿ ಹೋಟೆಲುಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡ ಬಂಧುಗಳ ಪಾಲಿಗೆ ಆ ಹತ್ತನೆಯ ಗಂಟೆಗಿಂತ ಈ ಇಪ್ಪತ್ತನೆಯ ತಲೆಯೇ ಹೆಚ್ಚು ಭಾರವಾದುದೆಂದು ನಮ್ಮ ಅಭಿಪ್ರಾಯ. ಕಾಯಿದೆಯಲ್ಲಿ ಎಷ್ಟು ಗಂಟೆ ಬರೆದಿದೆ ಎಂಬುದು ಎರಡನೆಯ ಪ್ರಶ್ನೆ. ಆ ಕಾಯಿದೆಯು ಯಾರನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದು ಮೊದಲನೆಯ ಪ್ರಶ್ನೆ.

ಹಿಂದೆ ಹೇಗಿತ್ತು?

ಅಂಗಡಿ, ಕಚೇರಿ, ಹೋಟೆಲುಗಳ ನೌಕರರ ದುಡಿಮೆಯ ವೇಳೆಯನ್ನು ಕಟ್ಟುಪಾಡಿಗೆ ತರುವ ಶಾಸನವನ್ನು ಇಂಡಿಯಾದಲ್ಲಿ ಮೊತ್ತಮೊದಲು ಮಾಡಿದ್ದು ಮುಂಬಯಿ ಪ್ರಾಂತ. ಅದು 1939ರ ಮಾತು. ಆ ಶಾಸನವನ್ನು ತೆಗೆದುಹಾಕಿ ಹೆಚ್ಚು ವಿಸ್ತಾರವಾಗಿ ರಚಿಸಿದ 1948ರ ಕಾಯಿದೆಯು ಸುಮಾರು ಏಳು ದಶಕಗಳ ಕಾಲ ಈ ರಾಜ್ಯದಲ್ಲಿ ಜಾರಿಯಲ್ಲಿತ್ತು. ವಸತಿಗೃಹ, ಉಪಾಹಾರಗೃಹ, ಖಾನಾವಳಿಗಳಿಗಾಗಿಯೇ ಅದರಲ್ಲಿ ಒಂದು ಪ್ರತ್ಯೇಕ ಅಧ್ಯಾಯವಿತ್ತು. ಅದಕ್ಕಿಂತಲೂ ಮುಖ್ಯವಾದುದೆಂದರೆ, ಅದು ತಲೆಗಳನ್ನು ಎಣಿಸುತ್ತಿರಲಿಲ್ಲ. ಒಬ್ಬ ಯಜಮಾನ, ಒಬ್ಬ ಮಾಣಿ ಇರುವ ಚಹದ ಅಂಗಡಿಯೂ ಅದರ ವ್ಯಾಪ್ತಿಯೊಳಗೆ ಬರುತ್ತಿತ್ತು.

ಆ ಕಾಯಿದೆಯು ಎಲ್ಲೆಡೆ ಚಾಚೂ ತಪ್ಪದೆ ಪಾಲನೆಯಾಗುತ್ತಿತ್ತೆಂದು ಯಾರೂ ಹೇಳಲಾರರು. ಹೋಟೆಲು ಜೀವನವನ್ನು ಬಲ್ಲವರಿಗೆ ಅದರ ಸತ್ಯಸ್ಥಿತಿಯು ಗೊತ್ತು. ಆದರೂ ಅನ್ಯಾಯವಾದಾಗ ಬೆರಳಿಟ್ಟು ತೋರಿಸಲು ಒಂದು ಕಲಮು ಇತ್ತು. ಒಳಗೆ ಬಂದು ಹಾಜರಿ ಪುಸ್ತಕವನ್ನು ಕೇಳುವ ಅಧಿಕಾರವು ನಿರೀಕ್ಷಕನಿಗೆ ಇತ್ತು.

2017ರ ಡಿಸೆಂಬರ 19ರಿಂದ ಜಾರಿಗೆ ಬಂದ ಹೊಸ ಕಾಯಿದೆಯು ಈ ಪದ್ಧತಿಯನ್ನು ಬದಲಿಸಿತು. 10ಕ್ಕಿಂತ ಕಡಿಮೆ ಕೆಲಸಗಾರರಿರುವ ಸಂಸ್ಥೆಗಳು ಸರಕಾರಕ್ಕೆ ತಮ್ಮ ಇರವನ್ನು ತಿಳಿಸಿದರೆ ಸಾಕು. ವೇಳೆ, ವಿರಾಮ, ರಜೆಗಳ ವಿಧಿಗಳು ಅವಕ್ಕೆ ಅನ್ವಯಿಸುವುದಿಲ್ಲವೆಂದಾಯಿತು. 'ನಿರೀಕ್ಷಕ' ಎಂಬ ಹೆಸರು ಹೋಗಿ 'ಸುವಿಧಾಕಾರ' ಎಂಬ ಹೆಸರು ಬಂತು. ಈಗ 2025ರಲ್ಲಿ ಆ ಗೆರೆಯು 20ಕ್ಕೆ ಸರಿಯಿತು. ವ್ಯಾಪಾರ ನಡೆಸುವವರಿಗೆ ಸೌಕರ್ಯ ಮಾಡಿಕೊಡುವುದೇ ಇದರ ಉದ್ದೇಶವೆಂದು ಸರಕಾರ ಹೇಳುತ್ತದೆ. ನೌಕರನ ಸೌಕರ್ಯವು ಈ ಗೆರೆಯ ಯಾವ ಮಗ್ಗುಲಲ್ಲಿ ಉಳಿಯಿತೆಂಬುದನ್ನು ನಾವು ನೋಡಬೇಕು.

ಗೆರೆಯ ಹೊರಗೆ ಯಾರು?

ಸ್ವಾರಗೇಟಿನ ಸಮೀಪದಲ್ಲಿಯೋ, ಹಡಪಸರದಲ್ಲಿಯೋ, ಪಿಂಪರಿ-ಚಿಂಚವಡದ ಕಾರಖಾನೆಗಳ ಮಗ್ಗುಲಲ್ಲಿಯೋ ಇರುವ ಒಂದು ಸಾಧಾರಣ ಉಡುಪಿ ಹೋಟೆಲನ್ನು ಕಲ್ಪಿಸಿಕೊಳ್ಳಿರಿ. ಒಬ್ಬ ಮುಖ್ಯ ಅಡಿಗೆಯವ, ಅವನಿಗೊಬ್ಬ ಸಹಾಯಕ, ದೋಸೆಯ ಕಲ್ಲಿಗೆ ಒಬ್ಬ, ಚಹ-ಕಾಫಿಗೆ ಒಬ್ಬ, ಬಡಿಸುವವರು ಐವರು, ಮೇಜು ಒರಸಿ ತಟ್ಟೆ ತೊಳೆಯುವವರು ಮೂವರು, ಗಲ್ಲೆಯ ಮೇಲೆ ಒಬ್ಬ. ಒಟ್ಟು 13 ಮಂದಿ. 2017ರ ಮೂಲ ಕಾಯಿದೆಯ ಪ್ರಕಾರ ಇವರೆಲ್ಲರೂ ಒಳಗಿದ್ದರು. 2025ರ ತಿದ್ದುಪಡಿಯಿಂದ ಇವರೆಲ್ಲರೂ ಹೊರಗಾದರು. ದುಡಿಮೆ ಅದೇ, ಯಜಮಾನ ಅವನೇ, ಒಲೆಯೂ ಅದೇ; ಬದಲಾದುದು ಕಾಗದದ ಮೇಲಿನ ಒಂದು ಅಂಕೆ ಮಾತ್ರ.

ಗುಮಾಸ್ತರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಲಕ್ಷ್ಮೀ ರಸ್ತೆಯ ಬಟ್ಟೆಯ ಮಳಿಗೆ, ಮಾರುಕಟ್ಟೆ ಯಾರ್ಡಿನ ದಲಾಲಿ ಪೇಢಿ, ಲೆಕ್ಕಪತ್ರ ಬರೆಯುವ ಕಚೇರಿ, ಸಾಗಾಣಿಕೆಯ ಕಂಪನಿಯ ಶಾಖೆ, ಇವುಗಳಲ್ಲಿ ಎಷ್ಟೋ ಕಡೆ ನೌಕರರು ಹನ್ನೆರಡೋ ಹದಿನೈದೋ ಇರುತ್ತಾರೆ. ಅವರಿಗೂ ಈ ಕಾಯಿದೆಯ ಬಾಗಿಲು ಮುಚ್ಚಿದಂತಾಯಿತು.

ಇನ್ನೊಂದು ಸೂಕ್ಷ್ಮವನ್ನು ಗಮನಿಸಬೇಕು. 1948ರ ಕಾಯಿದೆಯ ಪ್ರಕಾರ ಅಂಗಡಿಗಳು ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕಾಗಿತ್ತು. ಮುಚ್ಚಿದ ಬಾಗಿಲು ಬೀದಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತಿತ್ತು. ನೌಕರನಿಗೆ ರಜೆ ಸಿಕ್ಕಿತೋ ಇಲ್ಲವೋ ಎಂದು ನೋಡಲು ಯಾವ ಅಧಿಕಾರಿಯೂ ಬೇಕಿರಲಿಲ್ಲ. 2017ರ ಕಾಯಿದೆಯು ವಾರದ ಏಳು ದಿನವೂ ತೆರೆದಿರಲು ಅನುಮತಿ ಕೊಟ್ಟಿತು. ಮದ್ಯ ಮಾರುವ ಹಾಗೂ ಅಂತಹ ಕೆಲವು ಸ್ಥಳಗಳನ್ನು ಬಿಟ್ಟು ಉಳಿದ ಅಂಗಡಿ-ಹೋಟೆಲುಗಳು 24 ಗಂಟೆಯೂ ತೆರೆದಿರಬಹುದೆಂದು 2025ರ ಅಕ್ಟೋಬರ 1ರಂದು ಸರಕಾರ ಸ್ಪಷ್ಟಪಡಿಸಿತು. ಪ್ರತಿಯೊಬ್ಬ ನೌಕರನಿಗೂ ವಾರದಲ್ಲಿ ಒಮ್ಮೆ ಎಡೆಬಿಡದ 24 ಗಂಟೆಗಳ ವಿಶ್ರಾಂತಿ ಸಿಗಬೇಕೆಂಬ ಷರತ್ತನ್ನೂ ಹಾಕಿತು. ಷರತ್ತು ಒಳ್ಳೆಯದೇ. ಆದರೆ ಬಾಗಿಲು ಎಂದೂ ಮುಚ್ಚದ ಹೋಟೆಲಿನಲ್ಲಿ ಯಾರು ಯಾವ ದಿನ ವಿಶ್ರಮಿಸಿದರೆಂಬುದು ಪಾಳಿಯ ಪಟ್ಟಿಯಲ್ಲಿ ಮಾತ್ರ ಇರುತ್ತದೆ. ಆ ಪಟ್ಟಿಯನ್ನು ಬರೆಯುವವನು ಯಜಮಾನನೇ.

ಒಳಗಿದ್ದವರಿಗೆ ಏನು ಸಿಗುತ್ತದೆ?

20 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ದೊಡ್ಡ ಹೋಟೆಲು-ಕಚೇರಿಗಳಲ್ಲಿರುವವರು ತಮ್ಮ ಹಕ್ಕುಗಳನ್ನು ಚೆನ್ನಾಗಿ ತಿಳಿದಿರಬೇಕು. ದಿನದ ಮಿತಿಯು 10 ಗಂಟೆಗೆ ಏರಿದರೂ ವಾರದ ಮಿತಿಯು ಏರಿಲ್ಲ. ಅದು 48 ಗಂಟೆಯೇ. ಅದಕ್ಕೆ ಮೇಲ್ಪಟ್ಟ ದುಡಿಮೆಗೆ ಇಮ್ಮಡಿ ದರದಲ್ಲಿ ಸಂಬಳ ಕೊಡಬೇಕು. ಇಂತಹ ಹೆಚ್ಚುವರಿ ದುಡಿಮೆಯು ಮೂರು ತಿಂಗಳಲ್ಲಿ 125 ಗಂಟೆ ಮೀರಕೂಡದೆಂದಿದ್ದುದನ್ನು ಈಗ 144ಕ್ಕೆ ಏರಿಸಿದ್ದಾರೆ.

ಇದನ್ನು ಒಂದು ಲೆಕ್ಕದಿಂದ ನೋಡೋಣ. ವಾರಕ್ಕೆ ಆರು ದಿನ, ದಿನಕ್ಕೆ 10 ಗಂಟೆಯಂತೆ ದುಡಿದರೆ 60 ಗಂಟೆಯಾಯಿತು. ಅದರಲ್ಲಿ 12 ಗಂಟೆ ಹೆಚ್ಚುವರಿ. ಮೂರು ತಿಂಗಳೆಂದರೆ 13 ವಾರಗಳು. ಒಟ್ಟು 156 ಗಂಟೆ. ಇದು 144ರ ಮಿತಿಯನ್ನು ಮೀರುತ್ತದೆ. ಅರ್ಥಾತ್, ಇಮ್ಮಡಿ ಸಂಬಳ ಕೊಟ್ಟರೂ ಸಹ ವರ್ಷವಿಡೀ ಪ್ರತಿದಿನವೂ 10 ಗಂಟೆ ದುಡಿಸಿಕೊಳ್ಳುವ ಅಧಿಕಾರವು ಯಜಮಾನನಿಗೆ ಇಲ್ಲ. 'ಇನ್ನು ಮುಂದೆ ಹತ್ತು ಗಂಟೆಯೇ ಕಾನೂನು' ಎಂದು ಯಾರಾದರೂ ಹೇಳಿದರೆ ಅವರು ಕಾಯಿದೆಯ ಅರ್ಧವನ್ನು ಮಾತ್ರ ಓದಿದ್ದಾರೆಂದು ತಿಳಿಯಬೇಕು.

ಹಣದ ಲೆಕ್ಕವೂ ಅಲ್ಪವಾದುದಲ್ಲ. ಉದಾಹರಣೆಗಾಗಿ, ದಿನಕ್ಕೆ 8 ಗಂಟೆಗೆ 720 ರೂ. ಸಂಬಳವೆಂದು ಇಟ್ಟುಕೊಳ್ಳೋಣ. ಗಂಟೆಗೆ 90 ರೂ. ಆಯಿತು, ಹೆಚ್ಚುವರಿ ಗಂಟೆಗೆ 180 ರೂ. ಆರು ದಿನಗಳ ಸಂಬಳ 4,320 ರೂ. ದಿನಕ್ಕೆ ಎರಡು ಗಂಟೆ ಹೆಚ್ಚು ದುಡಿದವನಿಗೆ ಅದರ ಮೇಲೆ 2,160 ರೂ. ಬರಬೇಕು. ಎಂದರೆ ಸಂಬಳದ ಅರ್ಧದಷ್ಟು. ಪುಕ್ಕಟೆಯಾಗಿ ಮಾಡಿಸಿಕೊಂಡ ಆ ಎರಡು ಗಂಟೆಗಳ ಬೆಲೆ ಇಷ್ಟು.

ಹೋಟೆಲಿನವರಿಗೆ ಇನ್ನೂ ಒಂದು ಪ್ರಶ್ನೆಯಿದೆ. ಅದು ದುಡಿಮೆಯ ಹರಹು. ಬೆಳಿಗ್ಗೆ ಆರಕ್ಕೆ ಇಡ್ಲಿಯ ಒಲೆ ಹೊತ್ತುತ್ತದೆ. ಮಧ್ಯಾಹ್ನ ಊಟದ ನಂತರ ಮೂರು ತಾಸು 'ಬಿಡುವು'. ಪುನಃ ಸಂಜೆಯಿಂದ ರಾತ್ರಿ ಹತ್ತರವರೆಗೆ ಕೆಲಸ. ಯಜಮಾನನು ನಡುವಿನ ಹೊತ್ತನ್ನು ಕಳೆದು ಲೆಕ್ಕ ತೋರಿಸುತ್ತಾನೆ. ಆದರೆ ಕಾಯಿದೆಯು ಮೊದಲ ಕೆಲಸದಿಂದ ಕೊನೆಯ ಕೆಲಸದವರೆಗಿನ ಇಡೀ ಹೊತ್ತನ್ನು ನೋಡುತ್ತದೆ. 2017ರ ಮೂಲಪಾಠದಲ್ಲಿ ಆ ಹರಹು ಹತ್ತೂವರೆ ಗಂಟೆ. ಬಿಟ್ಟು ಬಿಟ್ಟು ನಡೆಯುವ ಕೆಲಸಕ್ಕೆ ಹಾಗೂ ತುರ್ತಿನ ಕೆಲಸಕ್ಕೆ ಹನ್ನೆರಡು ಗಂಟೆ. ಆರರಿಂದ ಹತ್ತರವರೆಗಿನ ಹದಿನಾರು ಗಂಟೆಗಳ ಹರಹಿಗೆ ಅಲ್ಲಿ ಎಡೆಯಿಲ್ಲ. ಮಲಗುವ ಜಾಗವೂ ದುಡಿಯುವ ಜಾಗವೂ ಒಂದೇ ಆಗಿರುವವನಿಗೆ ಈ ವಿಧಿಯೇ ಮುಖ್ಯವಾದುದು; ಏಕೆಂದರೆ ಅವನಿಗೆ ಮಧ್ಯಾಹ್ನದ ಬಿಡುವೆಂದರೆ ಕರೆ ಬರುವವರೆಗಿನ ಕಾಯುವಿಕೆ ಮಾತ್ರ.

ಇವಲ್ಲದೆ ವರ್ಷಕ್ಕೆ 8 ದಿನಗಳ ಸಾಂದರ್ಭಿಕ ರಜೆ, ಜನವರಿ 26, ಮೇ 1, ಅಗಸ್ಟ 15, ಅಕ್ಟೋಬರ 2 ಸೇರಿ 8 ಸಂಬಳಸಹಿತ ಹಬ್ಬದ ರಜೆಗಳು, 240 ದಿನ ದುಡಿದವರಿಗೆ ಪ್ರತಿ 20 ದಿನಗಳಿಗೆ ಒಂದರಂತೆ ಗಳಿಕೆಯ ರಜೆ, ಇವೆಲ್ಲವೂ ಈ ಕಾಯಿದೆಯಲ್ಲಿವೆ. ಊರಿನ ದೈವದ ಕೋಲಕ್ಕೋ ಮನೆಯ ಮದುವೆಗೋ ಹೋಗಬೇಕಾದರೆ ಸಂಬಳ ಕತ್ತರಿಸಿಕೊಂಡೇ ಹೋಗಬೇಕೆಂದು ತಿಳಿದಿರುವವರು ನಮ್ಮಲ್ಲಿ ಅನೇಕರಿದ್ದಾರೆ. ಗೆರೆಯ ಒಳಗಿನವರಿಗೆ ಅದು ಸತ್ಯವಲ್ಲ.

ದೊಡ್ಡ ಕಚೇರಿಯ ಪಾಠ

ಸಂಖ್ಯೆ ದೊಡ್ಡದಾಗಿದ್ದ ಮಾತ್ರಕ್ಕೆ ಎಲ್ಲವೂ ಸರಿಯಾಗಿರುವುದಿಲ್ಲ ಎಂಬುದಕ್ಕೂ ಪುಣೆಯೇ ಉದಾಹರಣೆ. ಅರ್ನ್ಸ್ಟ್ ಆಂಡ್ ಯಂಗ್ ಸಮೂಹದ ಪುಣೆಯ ಕಚೇರಿಗೆ 2024ರ ಮಾರ್ಚಿನಲ್ಲಿ ಸೇರಿದ 26 ವರ್ಷದ ಲೆಕ್ಕಪರಿಶೋಧಕಿಯೊಬ್ಬಳು ಅದೇ ಜುಲಾಯಿಯಲ್ಲಿ ತೀರಿಕೊಂಡಳು. ಮಗಳು ವಿಪರೀತ ಕೆಲಸದ ಹೊರೆಯಿಂದ ಬಳಲಿದಳೆಂದು ತಾಯಿ ಬರೆದ ಪತ್ರವು ಸಪ್ಟಂಬರದಲ್ಲಿ ದೇಶದಾದ್ಯಂತ ಪ್ರಕಟವಾಯಿತು. ಕೆಲಸದ ಒತ್ತಡವೇ ಮರಣಕ್ಕೆ ಕಾರಣವೆಂಬುದನ್ನು ಸಂಸ್ಥೆಯು ಒಪ್ಪಲಿಲ್ಲ. ಕಾರಣವನ್ನು ನಿರ್ಣಯಿಸುವ ಅಧಿಕಾರ ನಮಗಿಲ್ಲ. ಆದರೆ ಬಳಿಕ ತನಿಖೆಗೆ ಹೋದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಒಂದು ಸಂಗತಿಯನ್ನು ಪತ್ರಕರ್ತರಿಗೆ ತಿಳಿಸಿದರು. 2007ರಿಂದ ನಡೆಯುತ್ತಿದ್ದ ಆ ಕಚೇರಿಯು ಅಂಗಡಿ ಹಾಗೂ ಸಂಸ್ಥೆಗಳ ಕಾಯಿದೆಯ ಪ್ರಕಾರ ನೋಂದಣಿಯನ್ನೇ ಪಡೆದಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಅದು ಸಲ್ಲಿಸಿದ ಅರ್ಜಿಯೂ ತಿರಸ್ಕೃತವಾಗಿತ್ತು.

ಹದಿನೇಳು ವರ್ಷಗಳ ಕಾಲ ಇಲಾಖೆಯ ಕಣ್ಣಿಗೆ ಇದು ಬೀಳಲಿಲ್ಲ. ನೌಕರರೂ ಕೇಳಲಿಲ್ಲ. ಕಾಯಿದೆಯು ತಾನಾಗಿಯೇ ನಡೆದುಕೊಂಡು ಕಚೇರಿಯೊಳಗೆ ಬರುವುದಿಲ್ಲ. ಗುಮಾಸ್ತರು ಇನ್ನೊಂದನ್ನೂ ನೆನಪಿಡಬೇಕು. ಮೇಲ್ವಿಚಾರಣೆಯ, ಆಡಳಿತದ ಅಥವಾ ಗೋಪ್ಯ ಸ್ವರೂಪದ ಹುದ್ದೆಗಳು ಈ ಕಾಯಿದೆಯಿಂದ ಹೊರತು. ಆದರೆ ಅಂತಹವರ ಪಟ್ಟಿಯನ್ನು ಸಂಸ್ಥೆಯು ಬಹಿರಂಗವಾಗಿ ಪ್ರದರ್ಶಿಸಬೇಕು. ಸಂಬಳ ಏರಿಸದೆ 'ಮ್ಯಾನೇಜರ' ಎಂಬ ಬಿರುದನ್ನು ಮಾತ್ರ ಕೊಟ್ಟರೆ, ಆ ಬಿರುದಿನೊಡನೆ ಹೋಗುವುದೇನೆಂದು ವಿಚಾರಿಸಿ ನೋಡುವುದು ಒಳ್ಳೆಯದು.

ವಿಶ್ರಾಂತಿಯ ಹಕ್ಕು ಬಂದ ಬಗೆ

ಈ ನಾಡಿನಲ್ಲಿ ವಾರದ ರಜೆಯು ಯಾರೋ ದಯೆಯಿಂದ ಕೊಟ್ಟ ದಾನವಲ್ಲ. ಪುಣೆಯ ಜೋತಿರಾವ ಫುಲೆಯವರ ಅನುಯಾಯಿಯೂ, 1877ರಲ್ಲಿ ಪುಣೆಯಲ್ಲಿ ಹುಟ್ಟಿದ 'ದೀನಬಂಧು' ಪತ್ರಿಕೆಯನ್ನು ಮುಂದೆ ಮುಂಬಯಿಯಿಂದ ನಡೆಸಿದವರೂ ಆದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರನ್ನು ಸಭೆ ಸೇರಿಸಿದರು. ಭಾನುವಾರದ ರಜೆ, ಮಧ್ಯಾಹ್ನ ಅರ್ಧ ಗಂಟೆಯ ವಿರಾಮ, ಸೂರ್ಯಾಸ್ತಕ್ಕೆ ಕೆಲಸದ ಮುಕ್ತಾಯ ಇವು ಅವರ ಬೇಡಿಕೆಗಳು. ಆರು ವರ್ಷಗಳ ಪ್ರಯತ್ನದ ನಂತರ 1890ರ ಜೂನ 10ರಂದು ಭಾನುವಾರದ ರಜೆಯು ದೊರೆಯಿತು.

ಗಿರಣಿಯವರಿಗೆ ಸಿಕ್ಕಿದ್ದು ಹೋಟೆಲಿನವರಿಗೆ ಸಿಗಲು ಬಹಳ ತಡವಾಯಿತು. ಇಡೀ ಜಗತ್ತಿನಲ್ಲಿಯೇ ಹಾಗಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1919ರ ತನ್ನ ಮೊದಲನೆಯ ಒಪ್ಪಂದದಲ್ಲಿಯೇ ಕಾರಖಾನೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತು. 1930ರಲ್ಲಿ ವ್ಯಾಪಾರ ಹಾಗೂ ಕಚೇರಿಗಳ ನೌಕರರಿಗೂ ಅದನ್ನು ವಿಸ್ತರಿಸಿತು. ಆದರೆ ಆ ಒಪ್ಪಂದದಿಂದ ಹೋಟೆಲು, ಉಪಾಹಾರಗೃಹಗಳನ್ನು ಬಿಟ್ಟುಬಿಟ್ಟಿತು. ಹೋಟೆಲು ಕೆಲಸಗಾರರಿಗೆಂದೇ ಪ್ರತ್ಯೇಕ ಒಪ್ಪಂದವಾದುದು 1991ರಲ್ಲಿ. ಗುಮಾಸ್ತನ ಲೆಕ್ಕವಾದ ಮೇಲೆ ಮಾಣಿಯ ಲೆಕ್ಕವಾಗಲು 61 ವರ್ಷಗಳು ಹಿಡಿದವು. ಆ ಒಪ್ಪಂದಕ್ಕೆ ಇಂಡಿಯಾ ಅನುಮೋದನೆ ಕೊಟ್ಟಿಲ್ಲ. ಇದನ್ನು ನೋಡಿದರೆ, ತಲೆಗಳ ಲೆಕ್ಕವನ್ನೇ ನೋಡದೆ ಹೋಟೆಲಿನವರನ್ನು ಒಳಗೆ ಸೇರಿಸಿಕೊಂಡ 1948ರ ಮುಂಬಯಿ ಕಾಯಿದೆಯು ಎಷ್ಟು ಮುಂದಿತ್ತೆಂಬುದು ತಿಳಿಯುತ್ತದೆ. ಅಲ್ಲಿಂದ ನಾವು ಹಿಂದಕ್ಕೆ ಬಂದಿದ್ದೇವೆ.

ವಿಶ್ರಾಂತಿಯೆಂದರೆ ನಿದ್ರೆಯೊಂದೇ ಅಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲು ತಟ್ಟೆ ತೊಳೆದ ಹುಡುಗರು ರಾತ್ರಿ ಅಕ್ಷರ ಕಲಿತರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲಿನ ಯಜಮಾನರಾದರು. ಕೆಲಸವು ಇಷ್ಟು ಹೊತ್ತಿಗೆ ಮುಗಿಯುತ್ತದೆಂಬ ಭರವಸೆ ಇಲ್ಲದಿದ್ದರೆ ಯಾವ ರಾತ್ರಿ ಶಾಲೆಯೂ ನಡೆಯಲಾರದು.

ಯಜಮಾನರ ಮಾತು

ಪುಣೆಯ ಅನೇಕ ಹೋಟೆಲು ಯಜಮಾನರು ನಮ್ಮವರೇ. ಅವರ ಮಾತನ್ನೂ ಕೇಳುವುದು ನ್ಯಾಯ. ಬಾಡಿಗೆ ಏರಿದೆ, ಅನಿಲದ ಬೆಲೆ ಏರಿದೆ, ಮನೆಮನೆಗೆ ಊಟ ಮುಟ್ಟಿಸುವ ಕಂಪನಿಗಳು ಪಾಲು ಕೀಳುತ್ತವೆ, ಕೆಲಸಕ್ಕೆ ಜನ ಸಿಗುವುದಿಲ್ಲ. ನಾವೂ ಹದಿನಾರು ಗಂಟೆ ದುಡಿದೇ ಮೇಲೆ ಬಂದವರು ಎನ್ನುತ್ತಾರೆ. ಇದೆಲ್ಲವೂ ನಿಜ. ಆದರೆ ಜನ ಸಿಗದಿರುವುದಕ್ಕೆ ಆ ಹದಿನಾರು ಗಂಟೆಯೂ ಒಂದು ಕಾರಣವಲ್ಲವೆ? ಕರಾವಳಿಯ ತರುಣರು ಇಂದು ಈ ಕಸಬಿಗೆ ಬರಲು ಹಿಂಜರಿಯುವುದೇಕೆ ಎಂದು ಯಜಮಾನರು ಆಲೋಚಿಸಬೇಕು. ಇನ್ನೊಂದು ಸಂಗತಿ: 25 ಮಂದಿಯನ್ನು ಇಟ್ಟುಕೊಂಡು ಇಮ್ಮಡಿ ಸಂಬಳ, ವಾರದ ರಜೆ ಎಲ್ಲವನ್ನೂ ಕೊಡುವ ಪ್ರಾಮಾಣಿಕ ಹೋಟೆಲಿಗೆ, ಎದುರಿನಲ್ಲಿ 19 ಮಂದಿಯಿಂದ ಎಷ್ಟು ಹೊತ್ತಾದರೂ ದುಡಿಸಿಕೊಳ್ಳುವ ಹೋಟೆಲು ಪ್ರತಿಸ್ಪರ್ಧಿಯಾದರೆ ನಷ್ಟ ಯಾರಿಗೆ? ತಲೆಗಳ ಗೆರೆಯು ಒಳ್ಳೆಯ ಯಜಮಾನನಿಗೂ ಹಿತಕರವಾದುದಲ್ಲ.

ಊರಿನಲ್ಲಿಯೂ ಗಾಳಿ ಇದೇ ದಿಕ್ಕಿಗೆ ಬೀಸುತ್ತಿದೆ. ಕರ್ನಾಟಕದ 1961ರ ಕಾಯಿದೆಯಲ್ಲಿ ದಿನಕ್ಕೆ 9 ಗಂಟೆಯೆಂದಿದ್ದುದನ್ನು 10ಕ್ಕೆ ಏರಿಸುವ ಪ್ರಸ್ತಾಪವನ್ನು 2025ರ ಜೂನಿನಲ್ಲಿ ಅಲ್ಲಿಯ ಸರಕಾರವೂ ಮುಂದಿಟ್ಟಿತು; ಬೆಂಗಳೂರಿನ ಐ.ಟಿ. ನೌಕರರ ಸಂಘವು ಅದನ್ನು ಪ್ರಬಲವಾಗಿ ವಿರೋಧಿಸಿತು. ಸಂಘಟಿತರಾದವರ ದನಿ ಕೇಳಿಸುತ್ತದೆ. ಹೋಟೆಲಿನವರ ದನಿ ಎಲ್ಲಿ?

ಹೊರಗಾದವರಿಗೆ ದಾರಿಯೇನು?

ದಾರಿ ಪೂರ್ತಿ ಮುಚ್ಚಿಲ್ಲ. ಕೇಂದ್ರ ಸರಕಾರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವಂಬರ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ 2019ರ ವೇತನ ಸಂಹಿತೆಗೆ ತಲೆಗಳ ಲೆಕ್ಕವಿಲ್ಲ. ಒಬ್ಬನೇ ನೌಕರನಿದ್ದರೂ ಅದು ಅನ್ವಯಿಸುತ್ತದೆ. ಕನಿಷ್ಠ ವೇತನದ ಜೊತೆಗೆ ದಿನದ ದುಡಿಮೆಯ ಗಂಟೆಗಳನ್ನೂ, ಏಳು ದಿನಗಳಲ್ಲಿ ಒಂದು ವಿಶ್ರಾಂತಿಯ ದಿನವನ್ನೂ ನಿಗದಿಪಡಿಸುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿದೆ. ಹೆಚ್ಚುವರಿ ದುಡಿಮೆಗೆ ಇಮ್ಮಡಿಗಿಂತ ಕಡಿಮೆಯಿಲ್ಲದ ದರವನ್ನು ವಿಧಿಸಿದೆ. ಬಾಕಿಯ ಬಗ್ಗೆ ಮೂರು ವರ್ಷಗಳ ಒಳಗೆ ಅರ್ಜಿ ಕೊಡಬಹುದು. ಬಾಕಿಯಲ್ಲದೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನೂ ಅಧಿಕಾರಿಯು ಕೊಡಿಸಬಹುದು. ಹಣ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆಯು ಯಜಮಾನನದು. ಊಟದ ಲೆಕ್ಕ ಹೇಳಿ ಸಂಬಳ ಕಡಿಮೆ ಮಾಡುವವರಿಗೂ ಅದರಲ್ಲಿ ಉತ್ತರವಿದೆ: ವಸ್ತುರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ನೂರಕ್ಕೆ 15ರವರೆಗೆ ಮಾತ್ರ ವೇತನವೆಂದು ಎಣಿಸಬಹುದು.

ಆದುದರಿಂದ ಪ್ರತಿಯೊಬ್ಬರೂ ಮಾಡಬಹುದಾದ ಮೊದಲನೆಯ ಕೆಲಸವೆಂದರೆ ಒಂದು ಸಣ್ಣ ನೋಟುಪುಸ್ತಕ. ಇಂದು ಎಷ್ಟಕ್ಕೆ ಹತ್ತಿದೆ, ಎಷ್ಟಕ್ಕೆ ಇಳಿದೆ, ರಜೆಯ ದಿನ ಯಾವುದು, ಕೈಗೆ ಬಂದ ಹಣವೆಷ್ಟು ಎಂದು ದಿನವೂ ನಾಲ್ಕು ಸಾಲು ಬರೆದಿಟ್ಟುಕೊಳ್ಳಬೇಕು. ಬರೆಯಲು ಬಾರದವರಿಗೆ ಬರೆಯಬಲ್ಲ ಗುಮಾಸ್ತ ಬಂಧುಗಳು ನೆರವಾಗಬೇಕು. ಕೆಲಸಕ್ಕೆ ಸೇರುವಾಗ ನೇಮಕದ ಪತ್ರವನ್ನು ಕೇಳಿ ಪಡೆಯಬೇಕು.

ಎರಡನೆಯದು ಒಟ್ಟಾಗಿ ಮಾಡಬೇಕಾದುದು. ಇದೇ ರಾಜ್ಯದಲ್ಲಿ ಮುಂಬಯಿಯ ಅಣ್ಣಾಸಾಹೇಬ ಪಾಟೀಲ, ಪುಣೆಯ ಬಾಬಾ ಆಢಾವ ಮೊದಲಾದವರ ಹೋರಾಟದಿಂದ 1969ರಲ್ಲಿ ಮಾಥಾಡಿ ಹಮಾಲರ ಕಾಯಿದೆಯಾಯಿತು. ಒಬ್ಬ ಹಮಾಲನು ಒಂದು ದಿನದಲ್ಲಿ ನಾಲ್ಕು ವ್ಯಾಪಾರಿಗಳ ಮೂಟೆ ಹೊರುತ್ತಾನೆ. ಯಾವ ಅಂಗಡಿಯಲ್ಲಿ ಎಷ್ಟು ತಲೆಯೆಂದು ಎಣಿಸುತ್ತ ಕುಳಿತರೆ ಅವನಿಗೆ ನ್ಯಾಯ ಸಿಗುತ್ತಿರಲಿಲ್ಲ. ಆ ಕಾಯಿದೆಯು ಅಂಗಡಿಯನ್ನು ಬಿಟ್ಟು ಕಸಬನ್ನು ಹಿಡಿಯಿತು. ಹಮಾಲರನ್ನೂ ವ್ಯಾಪಾರಿಗಳನ್ನೂ ಒಂದು ಮಂಡಳಿಯಲ್ಲಿ ನೋಂದಾಯಿಸಿ, ಕೂಲಿಯೂ ಅದರ ಮೇಲಿನ ಸೌಲಭ್ಯಗಳ ವಂತಿಗೆಯೂ ಆ ಮಂಡಳಿಯ ಮುಖಾಂತರವೇ ಸಲ್ಲುವಂತೆ ಮಾಡಿತು. ಸಣ್ಣ ಹೋಟೆಲುಗಳ ನೌಕರರಿಗೂ ಇಂತಹ ಒಂದು ಮಂಡಳಿಯನ್ನು ಏಕೆ ಕೇಳಬಾರದು? ಹನ್ನೆರಡು ಮಂದಿಯ ಹೋಟೆಲು ಸಣ್ಣದಿರಬಹುದು. ಈ ಪಟ್ಟಣದ ಹೋಟೆಲು ಕಸಬು ಸಣ್ಣದಲ್ಲ.

ಹಬ್ಬ, ಸತ್ಕಾರ, ನಾಟಕಗಳನ್ನು ಅಚ್ಚುಕಟ್ಟಾಗಿ ನಡೆಸುವ ನಮ್ಮ ಕನ್ನಡ ಸಂಘಗಳೂ, ಯಜಮಾನರ ಸಂಘಗಳಲ್ಲಿ ಪ್ರಮುಖರಾಗಿರುವ ನಮ್ಮ ಹಿರಿಯರೂ ಈ ವಿಷಯವನ್ನು ಒಂದೇ ಮೇಜಿನ ಸುತ್ತ ಕುಳಿತು ಚರ್ಚಿಸಬೇಕು. ಕಾಯಿದೆಯು 20 ತಲೆಯೆಂದರೂ, 'ನಮ್ಮ ಹೋಟೆಲಿನಲ್ಲಿ ವಾರಕ್ಕೊಂದು ಪೂರ್ಣ ದಿನದ ರಜೆ, ಹೆಚ್ಚು ದುಡಿದ ಗಂಟೆಗೆ ಹೆಚ್ಚು ಹಣ' ಎಂದು ಸ್ವಇಚ್ಛೆಯಿಂದ ಬೋರ್ಡು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಅಂತಹ ಸಭೆಯನ್ನು ಕರೆಯುವವರು ಅದನ್ನು ಹೋಟೆಲಿನವರಿಗೆ ಬಿಡುವಿರುವ ಮಧ್ಯಾಹ್ನದ ವೇಳೆಯಲ್ಲಿ ಕರೆಯಬೇಕೆಂದು ಮಾತ್ರ ನಮ್ಮ ಸೂಚನೆ. ಯಾರ ವಿಷಯವನ್ನು ಚರ್ಚಿಸಬೇಕೋ ಅವರೇ ಬಡಿಸುತ್ತ ನಿಂತಿರುವ ಸಭೆಗಳು ಇದುವರೆಗೆ ಸಾಕಷ್ಟು ಆಗಿವೆ.